‘ನನ್ನ ತರಗತಿ’ ಎಂಬ ಮಾತು

ಬಿ.ಇಡಿ. ಪ್ರಶಿಕ್ಷಣಾರ್ಥಿಗಳು ಮತ್ತು ಮುಖ್ಯ ಶಿಕ್ಷಕರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ



ನಾನು ಶಿಕ್ಷಣಶಾಸ್ತ್ರ ಓದಿದವನಲ್ಲ, ಇಂಜಿನಿಯರಿಂಗ್ ಪದವೀಧರ. ಆದರೂ ಪದವಿಗೂ ವೃತ್ತಿಗೂ ನಡುವಿನ ಅಂತರವನ್ನು ಬಲ್ಲೆ. ಸೇವೆಗೆ ಸೇರಿದ ಹೊಸದರಲ್ಲಿ ಗ್ರಾಮದ ಹಿರಿಯರೊಬ್ಬರು ‘ಪಿಡಿಓ ಸಾಹೇಬ್ರೇ’ ಎಂದು ಕರೆದಾಗ, ಯಾರನ್ನು ಕರೆಯುತ್ತಿದ್ದಾರೆಂದು ನಾನು ಹಿಂತಿರುಗಿ ನೋಡಿದ್ದೆ. ನೇಮಕಾತಿ ಆದೇಶ ಕೈಯಲ್ಲಿತ್ತು. ಆ ಹೆಸರು ಇನ್ನೂ ನನ್ನದಾಗಿರಲಿಲ್ಲ. ಕುಡಿಯುವ ನೀರಿನ ಪೈಪು ಒಡೆದ ಒಂದು ರಾತ್ರಿ ಜನರು ನನ್ನ ಮನೆ ಬಾಗಿಲಿಗೆ ಬಂದರು. ಅಂದು ಅದು ನನ್ನದಾಯಿತು.

ಎನ್.ಸಿ.ಟಿ.ಇ.ಯ 2014ರ ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷಗಳ ವ್ಯಾಸಂಗವಾಯಿತು. ಶಾಲಾ ಕ್ಷೇತ್ರಾನುಭವಕ್ಕೆ ಕನಿಷ್ಠ 20 ವಾರಗಳು ಮೀಸಲಾದವು. ಇದಕ್ಕೆ ಕಾರಣವಿದೆ. ಕಾಲೇಜಿನ ಸೂಕ್ಷ್ಮ ಬೋಧನೆಯಲ್ಲಿ ಸಹಪಾಠಿಗಳೇ ವಿದ್ಯಾರ್ಥಿಗಳ ಪಾತ್ರ ವಹಿಸುತ್ತಾರೆ. ಅವರು ತಿಳಿಯದವರಂತೆ ನಟಿಸಬಲ್ಲರು; ಏಳನೇ ತರಗತಿಯ ಬಾಲಕನಿಗೆ ಭಿನ್ನರಾಶಿ ನಿಜವಾಗಿಯೂ ತಿಳಿದಿರುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕಳೆದ ವರ್ಷ ಸಮೀಕ್ಷೆಯೊಂದರ ಮಾಹಿತಿಯನ್ನು ಗಣಕಯಂತ್ರಕ್ಕೆ ಸೇರಿಸಲು ಇಬ್ಬರು ಪ್ರಶಿಕ್ಷಣಾರ್ಥಿಗಳನ್ನು ಕಳುಹಿಸಿರೆಂದು ಶಾಲೆಯೊಂದಕ್ಕೆ ದೂರವಾಣಿ ಮಾಡಿದ್ದೆ. ಒಬ್ಬರು ಬರಲಿಲ್ಲ. ‘ಸಾರ್, ಮೂರನೇ ಪೀರಿಯಡ್ ನನ್ನ ತರಗತಿ ಇದೆ, ನಿನ್ನೆ ಭಿನ್ನರಾಶಿ ಅರ್ಧಕ್ಕೇ ನಿಂತಿದೆ’ ಎಂದರು. ಆ ಕ್ಷಣ ನನಗೆ ಸಿಟ್ಟು ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ‘ಕಾಲೇಜು ಕೊಟ್ಟ ಪಾಠ’ ಎನ್ನದೆ ‘ನನ್ನ ತರಗತಿ’ ಎಂದರಲ್ಲ, ಆ ಮಾತಿನ ತೂಕ ನನಗೆ ಆಮೇಲೆ ತಿಳಿಯಿತು.

ನನ್ನನ್ನು ಹೆಚ್ಚು ಕಾಡಿದ್ದು ಬಂದ ಇನ್ನೊಬ್ಬರು. ಎರಡು ದಿನದ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿದರು. ಶಾಲೆಗೆ ಮರಳಲು ಅವಸರವಿಲ್ಲವೇ ಎಂದು ಕೇಳಿದೆ. ‘ಅಲ್ಲಿ ನನಗೆ ಪೂರ್ತಿ ತರಗತಿ ಕೊಟ್ಟಿಲ್ಲ ಸಾರ್. ಯಾರಾದರೂ ರಜೆ ಹಾಕಿದರೆ ಮಕ್ಕಳನ್ನು ಸುಮ್ಮನೆ ಕೂರಿಸಿಕೊಳ್ಳುತ್ತೇನೆ. ಇಲ್ಲಿ ಕೆಲಸವಾದರೂ ಇದೆ’ ಎಂದರು. ಅವರ ಪಾಠ ಯೋಜನೆಗಳ ದಾಖಲೆ ಪುಸ್ತಕ ಅಚ್ಚುಕಟ್ಟಾಗಿತ್ತು. ಎಲ್ಲ ಪುಟಗಳಿಗೂ ಸಹಿ ಬಿದ್ದಿತ್ತು. ನನ್ನ ಲ್ಯಾಬ್ ರೆಕಾರ್ಡುಗಳೂ ಹಾಗೆಯೇ ಇದ್ದವು ಬಿಡಿ.

ಮುಖ್ಯ ಶಿಕ್ಷಕರಲ್ಲಿ ನನ್ನ ವಿನಂತಿ: ಪ್ರತಿಯೊಬ್ಬರಿಗೂ ಒಂದು ಪೂರ್ಣ ಘಟಕವನ್ನು ಒಪ್ಪಿಸಿ. ಅದರ ಕಿರುಪರೀಕ್ಷೆಯನ್ನು ಅವರೇ ನಡೆಸಲಿ, ಉತ್ತರ ಪತ್ರಿಕೆಗಳನ್ನು ಅವರೇ ತಿದ್ದಲಿ, ಹಿಂದುಳಿದ ಮಗುವಿನ ಪೋಷಕರೊಡನೆ ನಿಮ್ಮ ಸಮ್ಮುಖದಲ್ಲಿ ಅವರೇ ಮಾತನಾಡಲಿ. ತಪ್ಪುಗಳಾಗುತ್ತವೆ, ತಿದ್ದಲು ನೀವಿದ್ದೀರಿ. ಸಮಿತಿಯವರು ತಮ್ಮ ಸಭೆಯಲ್ಲಿ ಅವರನ್ನು ಹೆಸರು ಹಿಡಿದು ಪರಿಚಯಿಸಬೇಕು. ಮಕ್ಕಳ ಗ್ರಾಮಸಭೆಗೆ ಮಕ್ಕಳೊಂದಿಗೆ ಅವರೂ ಬರಲಿ.

ನಮ್ಮ ಕಚೇರಿಯ ಕೆಲಸಕ್ಕೆ ಇನ್ನು ಮುಂದೆ ಶಾಲಾ ವೇಳೆಯಲ್ಲಿ ಯಾವ ಪ್ರಶಿಕ್ಷಣಾರ್ಥಿಯನ್ನೂ ನಾನು ಕೇಳುವುದಿಲ್ಲ. ಮರೆತು ಕೇಳಿದರೆ, ತರಗತಿ ಇದೆ ಎಂದು ನೀವು ಧಾರಾಳವಾಗಿ ಹೇಳಬಹುದು.