ಊರಿನ ಮಾತಿಗೊಂದು ಬ್ಲಾಗು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬ್ಲಾಗಿನ ಬಗ್ಗೆ ಮಾತಾಡಿ ಅಂತ ಹೆಡ್‌ಮಾಸ್ಟರು ಹೇಳಿದಾಗ ಅಳುಕಾಯಿತು. ನಾನು ಸಾಫ್ಟ್‌ವೇರಿನವನಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಹತ್ತನೇ ತರಗತಿಯಲ್ಲಿ ಕನ್ನಡ ಪ್ರಬಂಧಕ್ಕೆ ಹತ್ತಕ್ಕೆ ನಾಲ್ಕು ತೆಗೆದವನು. ಆ ನಾಲ್ಕು ಕೊಟ್ಟ ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

ಬ್ಲಾಗು ಅಂದರೆ ಅಂತರ್ಜಾಲದಲ್ಲಿ ನಮ್ಮದೇ ಒಂದು ನೋಟ್‌ಬುಕ್ಕು. ಬರೆದದ್ದೆಲ್ಲ ತಾರೀಖಿನ ಸಮೇತ ಒಂದರ ಮೇಲೊಂದು ಕೂರುತ್ತದೆ, ಹೊಸದು ಮೇಲೆ, ಹಳೆಯದು ಕೆಳಗೆ. 1997ರಲ್ಲಿ ಅಮೆರಿಕದಲ್ಲಿ ಇದಕ್ಕೆ ‘ವೆಬ್‌ಲಾಗ್’ ಅಂತ ಹೆಸರು ಬಿತ್ತು, ಅದೇ ಸವೆದು ಬ್ಲಾಗ್ ಆಯಿತು. ವಾಟ್ಸಾಪ್ ಇದೆಯಲ್ಲ, ಇದ್ಯಾಕೆ ಅಂತ ನೀವು ಕೇಳಬಹುದು. ವಾಟ್ಸಾಪಿಗೆ ಹಾಕಿದ್ದು ಕಟ್ಟೆಯಿಲ್ಲದ ಹಳ್ಳದ ನೀರು. ಬೆಳಗ್ಗೆ ಕಂಡದ್ದು ಸಂಜೆಗೆ ಸಿಗುವುದಿಲ್ಲ. ಬ್ಲಾಗಿನಲ್ಲಿ ಬರೆದದ್ದು ಐದು ವರ್ಷ ಬಿಟ್ಟು ಯಾರೋ ಊರಿನ ಹೆಸರು ಹಾಕಿ ಹುಡುಕಿದರೂ ಕಣ್ಣಿಗೆ ಬೀಳಬಹುದು.

ನಾನು ಶುರುಮಾಡಿದ್ದು ನಮ್ಮಪ್ಪ ತೀರಿಕೊಂಡ ವರ್ಷ. ಅಪ್ಪ ಊರ ಕೆರೆಯ ನೀರುಗಂಟಿ ಆಗಿದ್ದರು, ಹಿರಿಯರಿಗೆ ನೆನಪಿರಬೇಕು. ಯಾವ ತೂಬು ಯಾವಾಗ ಎತ್ತಬೇಕು, ಕೊನೆಯ ಗದ್ದೆಗೆ ನೀರು ಮುಟ್ಟಲು ಎಷ್ಟು ಹೊತ್ತು, ನೀರು ಕಡಿಮೆಯಾದ ವರ್ಷ ಯಾರಿಗೆ ಮೊದಲು, ಎಲ್ಲ ಅವರ ತಲೆಯಲ್ಲೇ ಇತ್ತು. ತಿಥಿಯ ದಿನ ಮೂರನೇ ತರಗತಿಯಲ್ಲಿದ್ದ ನನ್ನ ಮಗಳು, “ತಾತ ಏನು ಕೆಲಸ ಮಾಡ್ತಿದ್ರು?” ಅಂದಳು. “ನೀರು ಬಿಡ್ತಿದ್ರು” ಅಂದೆ. “ಟ್ಯಾಂಕರಲ್ಲಾ?” ಅಂದಳು. ಅವಳದೇನು ತಪ್ಪು? ಅವಳು ಕಣ್ಣುಬಿಟ್ಟ ಮೇಲೆ ನೋಡಿದ್ದು ಟ್ಯಾಂಕರನ್ನೇ. ಆ ರಾತ್ರಿ ಕೆರೆಯ ಕೆಳಗಿನ ಬಯಲುಗಳ ಹೆಸರು ಬರೆಯಲು ಕೂತೆ. ಇಪ್ಪತ್ತಮೂರು ಅಂತ ಅಪ್ಪ ಹೇಳುತ್ತಿದ್ದರು. ನನಗೆ ನೆನಪಾದದ್ದು ಏಳು.

1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಆರ್. ಕೆ. ಬಾಳಿಗರ ಕನಸು ಅದು. ಅಲ್ಲಿಂದ ಮುಂದಿನ ಕಥೆ ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ. ಅದಕ್ಕೆ ಮುಂಚೆ ಆ ನೆಲದಲ್ಲಿ ಯಾರು ಏನು ಬಿತ್ತುತ್ತಿದ್ದರು ಅಂತ ಹುಡುಕಿ ನೋಡಿ, ನನಗಂತೂ ಸಿಗಲಿಲ್ಲ. ಇಲ್ಲೇ ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು 1,100 ವರ್ಷದ ಒಂದು ಕಲ್ಲಿದೆ. ‘ಬೆಂಗಳೂರು ಕಾಳಗ’ದಲ್ಲಿ ಸತ್ತವನೊಬ್ಬನ ವಿಷಯ ಅದರಲ್ಲಿದೆ. ಆ ನಾಲ್ಕು ಸಾಲು ಯಾರೋ ಕೆತ್ತಿಸಿದ್ದರಿಂದಲೇ ಬೆಂಗಳೂರೆಂಬ ಹೆಸರು ಕೆಂಪೇಗೌಡರಿಗಿಂತ ಹಳೆಯದು ಅಂತ ನಮಗೆ ಗೊತ್ತು.

ಈಗ ಮಾಡುವ ಬಗೆ ಹೇಳುತ್ತೇನೆ. ಜಿಮೇಲ್ ಇದ್ದರೆ ಬ್ಲಾಗರ್ ಡಾಟ್ ಕಾಮಿಗೆ ಹೋಗಿ ಹೊಸ ಬ್ಲಾಗ್ ತೆರೆಯಬಹುದು, ದುಡ್ಡು ಕೊಡಬೇಕಿಲ್ಲ. ವರ್ಡ್‌ಪ್ರೆಸ್ಸಿನಲ್ಲೂ ಆಗುತ್ತದೆ. ಹೆಸರು ಕನ್ನಡದಲ್ಲೇ ಇಡಿ. ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೇಳುತ್ತದೆ. ಅದು ಚಿಕ್ಕದಾಗಿರಲಿ, ಆಮೇಲೆ ಬದಲಾಯಿಸಿದರೆ ಹಳೆಯ ಕೊಂಡಿಗಳೆಲ್ಲ ಕೆಡುತ್ತವೆ. ಟೈಪಿಂಗ್ ಬರುವುದಿಲ್ಲ ಅನ್ನುವವರು ಫೋನಿನ ಕೀಲಿಮಣೆಯಲ್ಲಿ ಕನ್ನಡ ಸೇರಿಸಿಕೊಂಡು ಮೈಕಿನ ಗುರುತು ಒತ್ತಿ ಮಾತಾಡಿದರೂ ಅಕ್ಷರವಾಗುತ್ತದೆ. ನಮ್ಮ ಕಡೆಯ ಮಾತಿಗೆ ಅದು ಒಂದೊಂದು ಸಲ ಏನೇನೋ ಬರೆಯುತ್ತದೆ, ತಿದ್ದಿಕೊಳ್ಳಬೇಕು. ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಕಂಪ್ಯೂಟರಿನಲ್ಲಿ ಬರೆದಿಟ್ಟವರು ಮೊದಲು ಅದನ್ನು ಯೂನಿಕೋಡಿಗೆ ಬದಲಾಯಿಸಿ. ಇಲ್ಲದಿದ್ದರೆ ಓದುವವರಿಗೆ ಕಾಣುವುದು ಅರ್ಥವಿಲ್ಲದ ಗುರುತುಗಳು, ಹುಡುಕಿದರೂ ಸಿಗದು.

ತಲೆಬರಹದಲ್ಲಿ ಊರಿನ ಹೆಸರು, ತಾಲ್ಲೂಕು ಇರಲಿ. ‘ನೆನಪಿನಂಗಳ’ ಅಂತ ಬರೆದರೆ ಯಾರು ಹುಡುಕಿಕೊಂಡು ಬರುತ್ತಾರೆ? ಹುಸ್ಕೂರು ಮದ್ದೂರಮ್ಮನ ಜಾತ್ರೆಯ ತೇರಿನ ವಿಡಿಯೋ ಎಲ್ಲರೂ ಹಾಕುತ್ತೀರಿ. ಆ ತೇರು ಕಟ್ಟುವುದು ಹೇಗೆ, ಹಗ್ಗ ಬಿಗಿಯುವವರು ಯಾರು, ಎಷ್ಟು ಜೊತೆ ಎತ್ತು ಬೇಕು, ಅದನ್ನು ಬರೆಯಿರಿ. ಮನೆ ಪಾಲಿನ ಜಗಳ, ಸರ್ವೆ ನಂಬರು, ಇನ್ನೊಬ್ಬರ ಫೋನ್ ನಂಬರು ಬೇಡ. ಹೆಣ್ಣುಮಕ್ಕಳ ಫೋಟೋ ಕೇಳದೆ ಹಾಕಬೇಡಿ. ಗಂಡುಮಕ್ಕಳದೂ ಅಷ್ಟೆ. ಬರೆದದ್ದರ ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ಆಗಿದ್ದರೆ ಪ್ರಿಂಟ್ ತೆಗೆಸಿ ಶಾಲೆಯ ಲೈಬ್ರರಿಗೂ ಒಂದು ಕೊಡಿ. ಗೂಗಲ್ಲಿನದೇ ಆದ ಆರ್ಕುಟ್ 2014ರಲ್ಲಿ ಮುಚ್ಚಿಹೋಯಿತಲ್ಲ.

ತಪ್ಪಾದೀತು ಅಂತ ಹೆದರಬೇಡಿ. ನಾನೊಂದು ಬಯಲನ್ನು ಕೆರೆಯ ಕೆಳಗಿನದು ಅಂತ ಬರೆದಿದ್ದೆ. ಪಕ್ಕದೂರಿನ ಅಜ್ಜಿಯೊಬ್ಬರು ಮೊಮ್ಮಗನ ಕೈಲಿ ಓದಿಸಿಕೊಂಡು, “ಅದಕ್ಕೆ ಕೆರೆ ನೀರೆಲ್ಲಿಂದ ಬಂತಪ್ಪ, ಅದು ಕಪಿಲೆ ಬಾವಿದು” ಅಂತ ಹೇಳಿಕಳಿಸಿದರು. ಪಟ್ಟಿಯಿಂದ ಒಂದು ಹೋಯಿತು ಅಂತ ಅವರ ಮನೆಗೇ ಹೋದೆ. ಅವರು ನಾಟಿಗೆ ಹೋಗುತ್ತಿದ್ದ ಬಯಲುಗಳು ಒಂದೊಂದಾಗಿ ನೆನಪಾದವು, ಕಾಫಿ ಮುಗಿಯುವಷ್ಟರಲ್ಲಿ ನಾಲ್ಕು ಹೆಸರು ಸಿಕ್ಕಿದವು. ಬರೆದದ್ದನ್ನು ತಿದ್ದಿದೆ, ತಿದ್ದಿದವರು ಯಾರೆಂದೂ ಅವರನ್ನು ಕೇಳಿಯೇ ಹಾಕಿದೆ.

ಈಗ ಪಟ್ಟಿಯಲ್ಲಿ ಹತ್ತೊಂಬತ್ತು ಇವೆ. ಇನ್ನು ನಾಲ್ಕು ಬೇಕು. ಊಟದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಇರುತ್ತೇನೆ, ನೋಟ್‌ಬುಕ್ಕು ತಂದಿದ್ದೇನೆ. ಗೊತ್ತಿರುವವರು ದಯವಿಟ್ಟು ಬನ್ನಿ.