ಹೊಗೆಯಿಲ್ಲದ ಹೊಗೆಸೊಪ್ಪು



ತಂಬಾಕಿಗೆ ನಮ್ಮ ಜನ ಹೊಗೆಸೊಪ್ಪೆಂದು ಹೆಸರಿಟ್ಟರಾದರೂ ಅದರ ಸೇವನೆಗೆ ಹೊಗೆಯು ಅವಶ್ಯವಲ್ಲವೆಂಬುದನ್ನು ಅವರೇ ಚೆನ್ನಾಗಿ ಬಲ್ಲರು. ಎಲೆಯಡಿಕೆಯೊಡನೆ ಕಡ್ಡಿಪುಡಿಯನ್ನು ಮೆಲ್ಲುವವರೂ ಚಿಟಿಕೆ ನಶ್ಯವನ್ನು ಏರಿಸುವವರೂ ನಮ್ಮಲ್ಲಿ ಅಪರೂಪವಲ್ಲ. ಇದೇ ಬಳಗಕ್ಕೆ ಸೇರಿದ ಎರಡು ಪರದೇಶದ ಪದ್ಧತಿಗಳನ್ನು ಕುರಿತು ಇಂದು ನಾವು ಕೆಲವು ಮಾತುಗಳನ್ನು ಹೇಳಬೇಕೆಂದಿರುವೆವು. ಒಂದು ಅಮೆರಿಕದ್ದು, ಮತ್ತೊಂದು ಸ್ವೀಡನ್ ದೇಶದ್ದು. ಎರಡನ್ನೂ ಹೊಗೆಯಿಲ್ಲದ ತಂಬಾಕೆಂಬ ಒಂದೇ ಹೆಸರಿನಿಂದ ಕರೆಯುವುದು ವಾಡಿಕೆ. ಈ ಒಂದೇ ಹೆಸರು ಒಂದು ದೊಡ್ಡ ಭೇದವನ್ನು ಮರೆಮಾಡಿದೆಯೆಂಬುದು ನಮ್ಮ ಅಭಿಪ್ರಾಯ.

ವಿನೋದವೇನೆಂದರೆ, ಎರಡು ದೇಶಗಳ ಪ್ರಸಿದ್ಧ ಡಬ್ಬಿಗಳೂ ೧೮೨೨ನೆಯ ವರ್ಷವನ್ನೇ ತಮ್ಮ ಹುಟ್ಟಿನ ವರ್ಷವೆಂದು ಹೇಳಿಕೊಳ್ಳುತ್ತವೆ. ಸ್ವೀಡನ್ನಿನಲ್ಲಿ ಯುಂಗ್‌ಲೋಫ್ ಎಂಬ ವರ್ತಕನ 'ಎಟ್ಟನ್', ಎಂದರೆ 'ಒಂದನೆಯದು'. ಪಿಟ್ಸ್‌ಬರ್ಗ್ ನಗರದಲ್ಲಿ ಜಾರ್ಜ್ ವೇಮನ್ನನ 'ಕೋಪನ್‌ಹೇಗನ್'. ಸರಕು ಅಮೆರಿಕದ್ದು, ಹೆಸರು ಡೆನ್ಮಾರ್ಕಿನ ರಾಜಧಾನಿಯದು!

ಅಮೆರಿಕದ ಒದ್ದೆ ನಶ್ಯಕ್ಕೆ ಕೆಂಟಕಿ, ಟೆನೆಸಿ ಪ್ರಾಂತಗಳ ಕಪ್ಪು ಎಲೆಯೇ ಮುಖ್ಯ. ಅದರಲ್ಲಿ ಬಹುಭಾಗವನ್ನು ಕೊಟ್ಟಿಗೆಗಳಲ್ಲಿ ತೂಗುಹಾಕಿ, ಕೆಳಗೆ ಗಟ್ಟಿಮರದ ಕಾವನ್ನಿಟ್ಟು, ಹೊಗೆಯಲ್ಲಿ ಹದಮಾಡುತ್ತಾರೆ. ಹೊಗೆಯಿಲ್ಲದ ತಂಬಾಕೆಂದು ಹೆಸರಾದದ್ದು ಡಬ್ಬಿಗೆ ಬರುವ ಮೊದಲೇ ಹೊಟ್ಟೆತುಂಬ ಹೊಗೆ ಕುಡಿದಿರುತ್ತದೆ! ಬಳಿಕ ಅದನ್ನು ಹುಳಿಯಲು ಬಿಡುತ್ತಾರೆ. ಇದಲ್ಲದೆ ಕಾಕಂಬಿ, ಅತಿಮಧುರಗಳನ್ನು ಬೆರಸಿದ ಅಗಿಯುವ ಎಲೆಯೂ ಅಲ್ಲುಂಟು. ಒದ್ದೆ ನಶ್ಯವನ್ನು ಕೆಳದುಟಿಗೂ ಒಸಡಿಗೂ ನಡುವೆ ಇಡುವುದರಿಂದ ಎಂಜಲು ಕೂಡುತ್ತಲೇ ಇರುತ್ತದೆ, ಉಗುಳದೆ ಗತಿಯಿಲ್ಲ. ೧೮೪೨ರಲ್ಲಿ ಅಮೆರಿಕವನ್ನು ಸಂಚರಿಸಿದ ಡಿಕನ್ಸ್ ಮಹಾಶಯನು ವಾಷಿಂಗ್ಟನ್ನಿನ ಉಗುಳಾಟವನ್ನು ಕಂಡು ಹೇಸಿ ಬರೆದದ್ದು ಪ್ರಸಿದ್ಧವಾಗಿದೆ. ಶಾಸನಸಭೆಯಲ್ಲಿಯೂ ಪೀಕದಾನಿಗಳಿದ್ದುವು. ಬೇಸ್‌ಬಾಲ್ ಆಟಗಾರರ ಉಬ್ಬಿದ ಕೆನ್ನೆಯಂತೂ ಆ ಆಟದ ಲಾಂಛನವೇ ಆಗಿತ್ತು. ೧೯೯೩ರಲ್ಲಿ ಕೆಳದರ್ಜೆಯ ಪಂದ್ಯಗಳಲ್ಲಿ ಅದನ್ನು ನಿಷೇಧಿಸಿದರು.

ಸ್ವೀಡನ್ನಿನವರ 'ಸ್ನೂಸ್' ಬೇರೆಯ ಮಾರ್ಗವನ್ನು ಹಿಡಿಯಿತು. ಅಲ್ಲಿ ಎಲೆಯನ್ನು ಗಾಳಿಬಿಸಿಲುಗಳಲ್ಲಿ ಒಣಗಿಸಿ, ಪುಡಿಮಾಡಿ, ನೀರು ಉಪ್ಪುಗಳನ್ನು ಬೆರಸಿ, ಹುಳಿಯಗೊಡದೆ ಬಿಸಿಮಾಡುತ್ತಾರೆ. ಕಡೆಯಲ್ಲಿ ಸೋಡ ಸೇರಿಸಿ, ಅಂಗಡಿಗಳಲ್ಲಿಯೂ ತಣ್ಣಗೆ ಇಡುತ್ತಾರೆ. ಮೇಲ್ದುಟಿಯ ಕೆಳಗೆ ಸೇರಿದ ಈ ಪದಾರ್ಥಕ್ಕೆ ಉಗುಳುವ ಪ್ರಮೇಯವಿಲ್ಲ. ೧೯೭೩ರಿಂದ ಪುಟ್ಟ ಚೀಲಗಳಲ್ಲಿ ಕಟ್ಟಿ ಮಾರುವುದೂ ಬಂದಿದೆ. ಪಕ್ಕದಲ್ಲಿ ಕುಳಿತವನಿಗೆ ಸುಳಿವೇ ಹತ್ತದು.

ಈ ಭೇದವು ಕೇವಲ ಶಿಷ್ಟಾಚಾರದ್ದಾಗಿದ್ದರೆ ನಾವು ತಮ್ಮ ಕಾಲವನ್ನು ತೆಗೆದುಕೊಳ್ಳುತ್ತಿರಲಿಲ್ಲ. ಎಲೆ ಹುಳಿಯುವಾಗ ಕೆಲವು ಸೂಕ್ಷ್ಮಜೀವಿಗಳು ಅದರಲ್ಲಿನ ನೈಟ್ರೇಟನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದು ತಂಬಾಕಿನ ಸಾರದೊಡನೆ ಕೂಡಿ ನೈಟ್ರೊಸಮೀನುಗಳೆಂಬ ವಿಷವಸ್ತುಗಳಾಗುತ್ತವೆ. ಕ್ಯಾನ್ಸರನ್ನು ಹುಟ್ಟಿಸತಕ್ಕವು ಇವೇ. ಬಿಸಿಯು ಆ ಜೀವಿಗಳನ್ನು ಕೊಲ್ಲುವುದರಿಂದ ಸ್ವೀಡನ್ನಿನ ಸರಕಿನಲ್ಲಿ ಈ ವಿಷವು ಅಮೆರಿಕದ ಅನೇಕ ಹಳೆಯ ಮಾದರಿಗಳಲ್ಲಿರುವುದಕ್ಕಿಂತ ಬಹಳ ಕಡಮೆ. ಆ ದೇಶದ ಗಂಡಸರಲ್ಲಿ ಸಿಗರೇಟು ಸೇದುವವರು ಕಡಮೆ, ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರೂ ಯೂರೋಪಿನಲ್ಲೆಲ್ಲ ಅತ್ಯಲ್ಪವೆಂಬುದು ವೈದ್ಯರ ಗಮನವನ್ನು ಸೆಳೆದಿದೆ.

ಹಾಗೆಂದು ಸ್ನೂಸನ್ನು ನಿರಪರಾಧಿಯೆಂದು ಬಿಟ್ಟುಬಿಡುವಂತಿಲ್ಲ. ನಿಕೋಟಿನ್ ಎರಡರಲ್ಲಿಯೂ ಧಾರಾಳವಾಗಿದೆ. ಮೇಲೆ ಹೇಳಿದ ಸೋಡವು ಅದನ್ನು ರಕ್ತಕ್ಕೆ ಬೇಗ ಮುಟ್ಟಿಸುವ ದೂತ. ಚಟ ಬಿಡಿಸುವುದು ಸಿಗರೇಟಿನಷ್ಟೇ ಕಷ್ಟ. ಬಸುರಿಯರು ಇದನ್ನು ಬಳಸಿದರೆ ಅಕಾಲ ಪ್ರಸವವೂ ಮೃತಶಿಶು ಜನನವೂ ಹೆಚ್ಚೆಂದು ಸ್ವೀಡನ್ನಿನ ವೈದ್ಯರೇ ತೋರಿಸಿದ್ದಾರೆ. ಸೇದುವವನು ಸಿಗರೇಟನ್ನು ಪೂರ್ತಿಯಾಗಿ ಬಿಟ್ಟು ಇದನ್ನು ಹಿಡಿದರೆ ಲಾಭವುಂಟು. ಏನನ್ನೂ ಮುಟ್ಟದಿದ್ದ ತರುಣನು ಹಿಡಿದರೆ ಶುದ್ಧ ನಷ್ಟ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಹೇಳಲು ಸರ್ಕಾರಗಳು ಬಹುಕಾಲ ಹಿಂಜರಿದುವು.

ಯೂರೋಪಿನ ಒಕ್ಕೂಟವು ೧೯೯೨ರಲ್ಲಿ ಇಂಥ ತಂಬಾಕಿನ ಮಾರಾಟವನ್ನು ನಿಷೇಧಿಸಿತು. ೧೯೯೫ರಲ್ಲಿ ಒಕ್ಕೂಟವನ್ನು ಸೇರುವಾಗ ಸ್ವೀಡನ್ನು ತನ್ನ ಮಟ್ಟಿಗೆ ವಿನಾಯಿತಿಯನ್ನು ಪಡೆಯಿತು. ೨೦೧೮ರಲ್ಲಿ ಒಕ್ಕೂಟದ ನ್ಯಾಯಾಲಯವು ನಿಷೇಧವನ್ನೇ ಎತ್ತಿಹಿಡಿಯಿತು. ಮರುವರ್ಷವೇ ಅಮೆರಿಕ ಸರ್ಕಾರವು, ಸಿಗರೇಟಿಗೆ ಬದಲಾಗಿ ಬಳಸಿದರೆ ಅಪಾಯ ಕಡಮೆಯೆಂದು ಸಾರಲು ಸ್ವೀಡನ್ನಿನ ಒಂದು ಸ್ನೂಸಿಗೆ ಅನುಮತಿಯಿತ್ತಿತು. ಅತ್ತ ಸಿಗರೇಟು ಮಾತ್ರ ಯೂರೋಪಿನ ಎಲ್ಲ ದೇಶಗಳಲ್ಲಿಯೂ ನಿರಾತಂಕವಾಗಿ ಮಾರಾಟವಾಗುತ್ತಿದೆ. ಸ್ವೀಡನ್ನಿನ ಗಡಿಯ ಪಟ್ಟಣವಾದ ಹಪರಾಂಡದ ಅಂಗಡಿಗಳಿಗೆ, ಎದುರಿನ ಫಿನ್ಲೆಂಡಿನ ಟೋರ್ನಿಯೋದಿಂದ ಜನರು ಸ್ನೂಸ್ ಡಬ್ಬಿಗಳನ್ನು ಕೊಳ್ಳಲು ಈಗಲೂ ಬರುತ್ತಾರೆ.