ಕಾಲೇಜ್ ಸೀಟ್ ಸಿಕ್ತು, ಹಾಸ್ಟೆಲ್ ಸಿಕ್ತಾ?

ಡಿಗ್ರಿಗೆ ಅಡ್ಮಿಷನ್ ಮಾಡಿಸಿ, ಊರು ಬಿಟ್ಟು ಹೊರಡೋಕೆ ಬ್ಯಾಗ್ ತುಂಬ್ತಾ ಇದ್ದೀರಾ? ಹಾಗಾದ್ರೆ ಇವತ್ತಿನ ಮಾತು ನಿಮಗೇ.

ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ. ಧಾರವಾಡದಲ್ಲಿ ಕಾಲೇಜ್ ಸೀಟ್ ಸಿಕ್ತು ಅಂದ್ರೆ ಹಾಸ್ಟೆಲ್ಲೂ ಸಿಕ್ಕ ಹಾಗೇ ಅಂದುಕೊಂಡಿದ್ದೆ. ಅಪ್ಪನ ಜೊತೆ ಬಸ್ಸಿಳಿದು, ಹಾಸಿಗೆ ಸುರುಳಿ ಹೊತ್ಕೊಂಡು ನೇರ ಹಾಸ್ಟೆಲ್‌ಗೆ ಹೋದೆ. ವಾರ್ಡನ್ ಕೇಳಿದ್ದು ಒಂದೇ ಮಾತು: "ಅರ್ಜಿ ಹಾಕೀರೇನು?" ಹಾಕಿರಲಿಲ್ಲ. ಕೊನೇ ದಿನಕ್ಕೆ ಇನ್ನೂ ಎರಡು ದಿನ ಇತ್ತು ಅನ್ನೋದೇ ಪುಣ್ಯ.

ಕಾಲೇಜಿನ ಅರ್ಜಿ ಬೇರೆ, ಹಾಸ್ಟೆಲ್ ಅರ್ಜಿ ಬೇರೆ. ಇದೊಂದು ನೆನಪಿರಲಿ. ಮುಖ್ಯವಾಗಿ ಮೂರು ದಾರಿ ಇವೆ.

ಒಂದು, ಕಾಲೇಜು ಅಥವಾ ವಿಶ್ವವಿದ್ಯಾಲಯದ ಸ್ವಂತ ಹಾಸ್ಟೆಲ್. ಅಡ್ಮಿಷನ್ ಆದ ದಿನವೇ ಫಾರಂ ಕೇಳಿ. ಬಾಡಿಗೆ, ಡೆಪಾಸಿಟ್ ಕಟ್ಟಬೇಕು. ಎಷ್ಟೋ ಕಡೆ ಮೆಸ್ ಖರ್ಚನ್ನ ತಿಂಗಳ ಕೊನೆಗೆ ಎಲ್ಲರಿಗೂ ಹಂಚ್ತಾರೆ. ಊರಿಗೆ ಹೋದ ದಿನಗಳಿಗೆ ದುಡ್ಡು ಕಡಿಮೆ ಆಗುತ್ತಾ ಅಂತ ಮೊದಲೇ ಕೇಳ್ಕೊಳ್ಳಿ.

ಎರಡು, ಸರ್ಕಾರದ ಮೆಟ್ರಿಕ್ ನಂತರದ ಹಾಸ್ಟೆಲ್. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಇವನ್ನ ನಡೆಸ್ತವೆ. ಊಟ, ವಸತಿ ಉಚಿತ. ಅರ್ಜಿ ಆನ್‌ಲೈನ್. ಅಂಕ, ಮೀಸಲಾತಿ, ಮನೆಯ ಆದಾಯ ನೋಡಿ ಆಯ್ಕೆ ಮಾಡ್ತಾರೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕೇ ಬೇಕು. ನಾನು ಸಿಕ್ಕಿಬಿದ್ದಿದ್ದು ಇಲ್ಲೇ. ನನ್ನ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಹೊಸದಕ್ಕೆ ನಾಡಕಚೇರಿಗೆ ಅಂತ ಅಪ್ಪ ಅವತ್ತೇ ವಾಪಸ್ ಊರಿಗೆ ಹೊರಟರು. ಅದು ಕೈಗೆ ಬಂದಿದ್ದು ಕೊನೇ ದಿನ, ಸಂಜೆ ಹೊತ್ತಿಗೆ. ನೀವು ಈಗಲೇ ದಿನಾಂಕ ನೋಡ್ಕೊಳ್ಳಿ. ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ಥರ ಇದೆಯಾ, ಅದನ್ನೂ ನೋಡಿ.

ಮೂರು, ಮಠಗಳು, ಸಮುದಾಯದ ಸಂಘಗಳು ನಡೆಸೋ ವಿದ್ಯಾರ್ಥಿ ನಿಲಯಗಳು. ಬೆಂಗಳೂರು, ಮೈಸೂರು, ಧಾರವಾಡದಲ್ಲಿ ಹಳೇ ಕಾಲದಿಂದ ಇವೆ. ಎಲ್ಲ ಕಡೆ ಆನ್‌ಲೈನ್ ಇರಲ್ಲ, ಖುದ್ದಾಗಿ ಹೋಗಿ ವಿಚಾರಿಸಬೇಕು.

ಮೊದಲ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ನಮ್ಮೂರಿನ ಸೀನಿಯರ್ ಒಬ್ಬರ ರೂಮಿನ ನೆಲದ ಮೇಲೆ ಒಂದು ತಿಂಗಳು ಮಲಗಿದೆ. ಪಿಜಿ ಬಾಡಿಗೆ ನಮ್ಮ ಕೈಲಿ ಆಗೋ ಮಾತಲ್ಲ. "ಬಂದುಬಿಡೋ, ಮುಂದಿನ ವರ್ಷ ನೋಡೋಣ" ಅಂದ್ರು ಅಪ್ಪ. ಹಾಗೆ ಊರಿಗೆ ಹೋದ ನನ್ನ ಗೆಳೆಯ ಮತ್ತೆ ಕಾಲೇಜಿಗೆ ಬರಲೇ ಇಲ್ಲ. ನಾನು ಹೋಗಲಿಲ್ಲ. ಯಾರೋ ಸೇರದೇ ಬಿಟ್ಟ ಸೀಟು ಎರಡನೇ ಪಟ್ಟಿಯಲ್ಲಿ ನನಗೆ ಬಂತು. ಅದಕ್ಕೇ ಹೇಳೋದು, ಮೊದಲ ಪಟ್ಟಿ ನೋಡಿ ಕೈ ಚೆಲ್ಲಬೇಡಿ.

ಎಲ್ಲೂ ಸಿಗಲಿಲ್ಲ ಅಂದ್ರೆ, ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆ ಇದೆ. ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆ ಅಂತಲೇ ತಿಂಗಳ ಲೆಕ್ಕದಲ್ಲಿ ಹಣ ಕೊಡೋ ಯೋಜನೆ ಅದು. ಅದಕ್ಕೂ ಅರ್ಜಿ ಬೇರೆಯೇ ಹಾಕಬೇಕು.

ಕೊನೇದಾಗಿ, ಹಾಸ್ಟೆಲ್‌ನಲ್ಲಿ ಯಾರಾದ್ರೂ ರ‍್ಯಾಗಿಂಗ್ ಮಾಡಿದ್ರೆ ಸಹಿಸ್ಕೊಂಡು ಕೂರಬೇಡಿ. 1800-180-5522, ರಾಷ್ಟ್ರೀಯ ಸಹಾಯವಾಣಿ, ಉಚಿತ ಕರೆ. ಈಗಲೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಆಮೇಲೆ ಆದಾಯ ಪ್ರಮಾಣಪತ್ರ ತೆಗೆದು ದಿನಾಂಕ ನೋಡಿ.